ಅಣಬೆ ಚಿತ್ರದ ಚಾಕೊಲೇಟು

ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಉತ್ತರ ಭಾಗದಲ್ಲಿ ಡೊಮೇನ್ ಅಂತ ಒಂದು ಜಾಗ ಇದೆ. 2007ರಲ್ಲಿ ಅಂಗಡಿ ಸಾಲಾಗಿ ಶುರುವಾದದ್ದು. ಈಗ ಆಫೀಸು, ಅಪಾರ್ಟ್‌ಮೆಂಟು, ಹೋಟೆಲು, ರಾಕ್ ರೋಸ್ ಬೀದಿಯ ಬಾರುಗಳು ಎಲ್ಲ ಸೇರಿ ಊರೊಳಗೊಂದು ಊರಾಗಿದೆ. ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಹುಡುಗ ಹುಡುಗಿಯರು ಮನೆ ಹುಡುಕುವುದು ಇದರ ಸುತ್ತಮುತ್ತಲೇ. ಸಂಜೆ ಹೊತ್ತು ಅಲ್ಲಿ ಓಡಾಡಿದರೆ ಎಲ್ಲೋ ಒಂದು ಕಡೆ ಕನ್ನಡ ಕಿವಿಗೆ ಬಿದ್ದೇ ಬೀಳುತ್ತದೆ. ಇಲ್ಲಿ ಪಾರ್ಟಿಗಳಲ್ಲಿ ಬಿಯರಿನ ಜೊತೆಗೆ ಈಗ ಇನ್ನೊಂದು ವಸ್ತುವೂ ಕೈ ಬದಲಾಯಿಸುತ್ತಿದೆ: ಬಣ್ಣಬಣ್ಣದ ರ‍್ಯಾಪರಿನ ಮೇಲೆ ಅಣಬೆಯ ಕಾರ್ಟೂನು ಇರುವ ಚಾಕೊಲೇಟು. ಹುಡುಗರ ಬಾಯಲ್ಲಿ ಅದು ‘ಶ್ರೂಮ್ಸ್’. ತಿಂದಮೇಲೆ ಆಗುವುದು ‘ಟ್ರಿಪ್’.

ನಾನು ಈ ಊರಿನ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಫಾರ್ಮಸಿಸ್ಟ್. ಹುಟ್ಟಿದ್ದು ತೀರ್ಥಹಳ್ಳಿ ಕಡೆ, ಬಿ.ಫಾರ್ಮ್ ಓದಿದ್ದು ಬೆಂಗಳೂರಿನಲ್ಲಿ. ತುರ್ತು ವಿಭಾಗಕ್ಕೆ ಬಂದ ರೋಗಿ ಯಾವ ಯಾವ ಮಾತ್ರೆ ನುಂಗಿದ್ದಾರೆ ಅಂತ ವಿಚಾರಿಸಿ ಡಾಕ್ಟರಿಗೆ ಹೇಳುವುದು ನನ್ನ ಕೆಲಸದ ದೊಡ್ಡ ಭಾಗ. ಏನು ತಿಂದೆ, ಎಷ್ಟು ತಿಂದೆ, ಯಾವಾಗ ತಿಂದೆ, ಯಾವುದರ ಜೊತೆ ತಿಂದೆ? ಸುಲಭದ ಪ್ರಶ್ನೆಗಳು. ಈ ಚಾಕೊಲೇಟಿನ ವಿಷಯದಲ್ಲಿ ಮಾತ್ರ ಮೊದಲನೆಯದಕ್ಕೇ ಉತ್ತರ ಸಿಗುವುದಿಲ್ಲ. ತಿಂದವನಿಗೂ ಗೊತ್ತಿರುವುದಿಲ್ಲ, ಮಾರಿದವನಿಗೂ ಗೊತ್ತಿರುವುದಿಲ್ಲ.

ಒಂದು ರಾತ್ರಿ ಬಂದ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಹಾಸನ ಕಡೆಯ ಅಪ್ಪ ಅಮ್ಮ, ಮಗ ಕಾಲೇಜಿಗೆ ಹೋಗುವವನು. ಡೊಮೇನ್ ಹತ್ತಿರದ ಗೆಳೆಯನ ಅಪಾರ್ಟ್‌ಮೆಂಟಿನಲ್ಲಿ ಮೊದಲು ಎರಡು ತುಂಡು ತಿಂದಿದ್ದ. ಅರ್ಧ ಗಂಟೆಯಾದರೂ ಏನೂ ಆಗಲಿಲ್ಲ. ‘ಡೂಪ್ಲಿಕೇಟ್ ಇರಬೇಕು’ ಅಂದುಕೊಂಡು ಉಳಿದದ್ದನ್ನೂ ಮುಗಿಸಿದ. ಆಮೇಲೆ ವಾಂತಿ, ಮೈಯೆಲ್ಲ ಬೆವರು, ಗೋಡೆ ಹತ್ತಿರ ಬರುತ್ತಿದೆ ಎಂಬ ಕೂಗಾಟ, ಕೊನೆಗೆ ಒಂದು ಸಲ ಫಿಟ್ಸ್. ಆಂಬುಲೆನ್ಸ್ ಬಂದಾಗ ನಾಡಿ ನಿಮಿಷಕ್ಕೆ 140 ದಾಟಿತ್ತು.

ಮೂತ್ರ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಅಪ್ಪನಿಗೆ ನಿರಾಳವಾಯಿತು. “ನೋಡಿದ್ರಾ ಮೇಡಂ, ನೆಗೆಟಿವ್ ಬಂದಿದೆ. ನಮ್ಮ ಹುಡುಗ ಅಂಥವನಲ್ಲ” ಅಂದರು. ಆಸ್ಪತ್ರೆಗಳಲ್ಲಿ ಮಾಮೂಲಾಗಿ ಮಾಡುವ ಮೂತ್ರ ಪರೀಕ್ಷೆ ಅಣಬೆಯ ಸಿಲೊಸೈಬಿನ್ ಆಗಲಿ ಎಲ್‌ಎಸ್‌ಡಿ ಆಗಲಿ ಹಿಡಿಯುವುದೇ ಇಲ್ಲ ಅಂತ ಅವರಿಗೆ ವಿವರಿಸಬೇಕಾಯಿತು. ಅವರ ಮುಂದಿನ ಪ್ರಶ್ನೆ: “ಇದು ರೆಕಾರ್ಡಿಗೆ ಹೋಗುತ್ತಾ? ನಮ್ಮ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ.”

ಕನ್ನಡ ಮಾತಾಡುವವಳು ಅಂತ ನನ್ನನ್ನು ಕಂಡು ತಾಯಿಗೆ ಧೈರ್ಯ ಬಂದಿತ್ತೋ ಏನೋ. ಕಾಫಿ ಮಷೀನಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದರು. “ಅಕ್ಕಾ, ಒಂದು ಮಾತು. ನಮ್ಮಣ್ಣ ಎರಡು ಸಲ ನಿಮ್ಹಾನ್ಸ್‌ನಲ್ಲಿದ್ದ. ಏನೇನೋ ದನಿ ಕೇಳಿಸ್ತಿತ್ತು ಅವನಿಗೆ. ಇವರಿಗೆ ಗೊತ್ತಿಲ್ಲ. ಮದುವೆ ಮಾಡೋವಾಗ ನಮ್ಮ ಮನೇಲಿ ಹೇಳಿರಲಿಲ್ಲ.” ಆ ರಾತ್ರಿ ಕೇಳಿದ ಮಾತುಗಳಲ್ಲೆಲ್ಲ ಡಾಕ್ಟರಿಗೆ ಅತಿ ಮುಖ್ಯವಾದ ಮಾತು ಅದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಚಾಕೊಲೇಟಿನಲ್ಲಿ ಏನಿರುತ್ತದೆ ನೋಡೋಣ. 2024ರ ಜೂನ್ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಎಲ್ಲರೂ ಎಫ್‌ಡಿಎ ಅನ್ನುವುದು, ‘ಡೈಮಂಡ್ ಶ್ರೂಮ್ಸ್’ ಹೆಸರಿನ ಚಾಕೊಲೇಟು, ಗಮ್ಮಿಗಳನ್ನು ತಿನ್ನಬೇಡಿ ಅಂತ ಎಚ್ಚರಿಕೆ ಕೊಟ್ಟಿತು. ತಿಂಗಳ ಕೊನೆಗೆ ಕಂಪನಿ ಮಾಲನ್ನು ವಾಪಸು ಕರೆಸಿಕೊಂಡಿತು. ಆ ವರ್ಷ ಮುಗಿಯುವ ಹೊತ್ತಿಗೆ ಲೆಕ್ಕ ಹೀಗಿತ್ತು: 34 ರಾಜ್ಯಗಳಲ್ಲಿ 180 ಮಂದಿಗೆ ಕಾಯಿಲೆ, 73 ಮಂದಿ ಆಸ್ಪತ್ರೆಯಲ್ಲಿ ದಾಖಲು, ಇದಕ್ಕೆ ಸಂಬಂಧ ಇರಬಹುದಾದ 3 ಸಾವು. ಪ್ರಯೋಗಾಲಯದಲ್ಲಿ ತೆರೆದು ನೋಡಿದರೆ ಎಲ್ಲ ಚಾಕೊಲೇಟೂ ಒಂದೇ ಅಲ್ಲ. ಕೆಲವದರಲ್ಲಿ ಮಸ್ಸಿಮಾಲ್, ಕೆಲವದರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ಸಿಲೊಸೈಬಿನ್‌ನ ದಾಯಾದಿ, ಕೆಲವದರಲ್ಲಿ ಪ್ರಿಗ್ಯಾಬಲಿನ್. ಪ್ರಿಗ್ಯಾಬಲಿನ್ ಅಂದರೆ ಸಕ್ಕರೆ ಕಾಯಿಲೆಯವರಿಗೆ ಕಾಲುರಿಗೆ ಬರೆದುಕೊಡುವ ಮಾತ್ರೆ. ಅಣಬೆ ಚಿತ್ರದ ಚಾಕೊಲೇಟಿನಲ್ಲಿ ಅದಕ್ಕೇನು ಕೆಲಸ?

ಅಣಬೆ ಅಂದಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ‘ಮ್ಯಾಜಿಕ್ ಮಶ್ರೂಮ್’ ಅನ್ನುವುದು ಸಿಲೊಸೈಬಿ ಕುಲದ್ದು. ನಮ್ಮವರಿಗೆ ಕೊಡೈಕೆನಾಲ್ ಕಡೆಯ ವೀಕೆಂಡ್ ಕಥೆಗಳಿಂದ ಪರಿಚಯ. ಇಲ್ಲಿ ಹ್ಯೂಸ್ಟನ್ ಸುತ್ತಲಿನ ಕರಾವಳಿ ಹುಲ್ಲುಗಾವಲುಗಳಲ್ಲಿ ಮಳೆ ಬಿದ್ದಮೇಲೆ ದನದ ಸಗಣಿಯ ಮೇಲೆ ತಾನಾಗಿ ಏಳುತ್ತದೆ. ಇನ್ನೊಂದು, ಚಿತ್ರದ ಪುಸ್ತಕಗಳಲ್ಲಿ ಕಾಣುವ, ಕೆಂಪು ಟೋಪಿಯ ಮೇಲೆ ಬಿಳಿ ಚುಕ್ಕೆಯ ಅಮಾನಿಟಾ ಮಸ್ಕೇರಿಯಾ. ಮಸ್ಸಿಮಾಲ್ ಇರುವುದು ಇದರಲ್ಲಿ. ಎರಡೂ ಮಿದುಳಿನಲ್ಲಿ ಬೇರೆ ಬೇರೆ ಬಾಗಿಲು ತಟ್ಟುತ್ತವೆ. ಕೆಂಪು ಟೋಪಿಯದು ಮಂಪರು, ತೊದಲು, ಗೊಂದಲ, ಕೆಲವರಲ್ಲಿ ಫಿಟ್ಸ್ ತರುತ್ತದೆ. ಫೆಡರಲ್ ನಿಷೇಧದ ಪಟ್ಟಿಯಲ್ಲಿ ಇದರ ಹೆಸರಿರಲಿಲ್ಲವಾದ್ದರಿಂದ ಅಂಗಡಿಯವರು ಇದನ್ನೇ ಹಿಡಿದುಕೊಂಡರು. ಇದನ್ನು ತಿನಿಸಿನಲ್ಲಿ ಹಾಕುವಂತಿಲ್ಲ ಅಂತ ಎಫ್‌ಡಿಎ ಸ್ಪಷ್ಟವಾಗಿ ಹೇಳಿದ್ದು 2024ರ ಡಿಸೆಂಬರಿನಲ್ಲಿ.

ಮಲೆನಾಡಿನಲ್ಲಿ ಬೆಳೆದವಳಾಗಿ ಇನ್ನೊಂದು ಮಾತು. ಊರಿನಲ್ಲಿ ಅಣಬೆ ಹೆಕ್ಕಿ ಅಭ್ಯಾಸ ಇದೆ ಅಂತ ಇಲ್ಲಿ ಮನೆ ಮುಂದಿನ ಹುಲ್ಲುಹಾಸಿನಲ್ಲಿ ಎದ್ದ ಬಿಳಿ ಕೊಡೆಗೆ ಕೈ ಹಾಕಬೇಡಿ. ಟೆಕ್ಸಾಸ್ ಹುಲ್ಲುಹಾಸುಗಳಲ್ಲಿ ಧಾರಾಳವಾಗಿ ಬೆಳೆಯುವ ಒಂದು ದೊಡ್ಡ ಅಣಬೆ ಇದೆ. ಅದರ ಬೀಜಧೂಳು ಹಸಿರು. ತಿಂದರೆ ಭ್ರಮೆಗಿಮೆ ಏನೂ ಇಲ್ಲ, ಗಂಟೆಗಟ್ಟಲೆ ವಾಂತಿಭೇದಿ ಮಾತ್ರ. ಅಮಾನಿಟಾ ಕುಲದ್ದೇ ಇನ್ನು ಕೆಲವು ಅಣಬೆಗಳು ಯಕೃತ್ತನ್ನೇ ಸುಟ್ಟುಬಿಡುತ್ತವೆ. ಮೊದಲ ದಿನ ವಾಂತಿ, ಎರಡನೇ ದಿನ ಗುಣವಾದಂತೆ ಅನ್ನಿಸುವುದು, ಆಮೇಲೆ ಕಾಮಾಲೆ.

ನಿಜವಾದ ಸಿಲೊಸೈಬಿನ್ ಒಳಗೆ ಹೋದರೆ ಏನಾಗುತ್ತದೆ? ದೇಹ ಅದನ್ನು ಸಿಲೊಸಿನ್ ಆಗಿ ಬದಲಿಸುತ್ತದೆ. ಅದರ ಆಕಾರ ನಮ್ಮ ಮಿದುಳಿನದೇ ಆದ ಸೆರೊಟೋನಿನ್‌ಗೆ ಹತ್ತಿರ. ಹಾಗಾಗಿ ಸೆರೊಟೋನಿನ್ ಕೂರಬೇಕಾದ ಜಾಗಗಳಲ್ಲಿ ಒಂದರಲ್ಲಿ ಹೋಗಿ ಇದು ಕೂರುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಶುರು, ಹೊಟ್ಟೆ ತುಂಬಿದ್ದರೆ ಇನ್ನೂ ತಡ. ನಾಲ್ಕರಿಂದ ಆರು ಗಂಟೆ ಇರುತ್ತದೆ. ಎಲ್‌ಎಸ್‌ಡಿಯಾದರೆ ಎಂಟರಿಂದ ಹನ್ನೆರಡು ಗಂಟೆ, ಅದೂ ಕಣ್ಣಿಗೆ ಕಾಣದ ಮೈಕ್ರೋಗ್ರಾಂ ಅಳತೆಯಲ್ಲಿ. ಬಣ್ಣಗಳು ಗಾಢವಾಗುತ್ತವೆ, ನೆಟ್ಟಗಿರುವ ಗೆರೆ ಉಸಿರಾಡಿದಂತೆ ಕಾಣುತ್ತದೆ, ಹೊತ್ತು ಹಿಗ್ಗುತ್ತದೆ, ‘ನಾನು’ ಎಂಬುದರ ಅಂಚು ಕರಗುತ್ತದೆ. ಕೆಲವರು ಇದನ್ನು ಬದುಕಿನ ದೊಡ್ಡ ಅನುಭವ ಅನ್ನುತ್ತಾರೆ, ಅವರು ಸುಳ್ಳು ಹೇಳುತ್ತಿಲ್ಲ. ಅದೇ ಅಂಚು ಕರಗಿದ್ದು ಇನ್ನೊಬ್ಬರಿಗೆ ಸಾವೇ ಬಂದಂತೆ ಅನ್ನಿಸುತ್ತದೆ. ಅದೇ ‘ಬ್ಯಾಡ್ ಟ್ರಿಪ್’. ರಕ್ತದೊತ್ತಡ, ನಾಡಿ ಏರುತ್ತವೆ. ಹೃದಯ ಸರಿಯಿಲ್ಲದವರಿಗೆ ಅಷ್ಟೇ ಸಾಕು.

ಈ ವಸ್ತು ನೇರವಾಗಿ ವಿಷವಾಗಿ ಕೊಲ್ಲುವುದು ಅಪರೂಪ. ಹೆರಾಯಿನ್‌ನಂತೆ ಚಟ ಹಿಡಿಸುವುದೂ ಇಲ್ಲ. ಹೆದರಿಸಬೇಕೆಂದು ಇದನ್ನು ಮುಚ್ಚಿಟ್ಟು ಬರೆದರೆ ಹುಡುಗರು ನಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. ಜನ ಸಾಯುವುದು ಆ ಹೊತ್ತಿನಲ್ಲಿ ಕಾರು ಓಡಿಸಿ, ಬಾಲ್ಕನಿಯಿಂದ ಬಿದ್ದು, ನೀರಿಗಿಳಿದು. ಇಲ್ಲವೇ ಜೊತೆಗೆ ಬೇರೆ ಏನೋ ತೆಗೆದುಕೊಂಡು.

‘ಬೇರೆ ಏನೋ’ ಅನ್ನುವುದೇ ಫಾರ್ಮಸಿಸ್ಟಿನ ತಲೆನೋವು. ಬೈಪೋಲಾರ್‌ಗೆ ಲಿಥಿಯಂ ತೆಗೆದುಕೊಳ್ಳುವವರು ಇದನ್ನು ಮುಟ್ಟಲೇಬಾರದು, ಫಿಟ್ಸ್ ಬಂದ ಪ್ರಕರಣಗಳು ದಾಖಲಾಗಿವೆ. ಬೆನ್ನುನೋವಿಗೆ ಕೊಡುವ ಟ್ರಮಡಾಲ್ ಕೂಡ ಫಿಟ್ಸ್ ಕಡೆಗೆ ತಳ್ಳುವ ಮಾತ್ರೆ. ಖಿನ್ನತೆಗೆ ಎಸ್ಸಿಟಲೋಪ್ರಾಮ್, ಸರ್ಟ್ರಲೀನ್ ನುಂಗುವವರಿಗೆ ಅಣಬೆಯ ಪರಿಣಾಮ ಮಂಕಾಗುತ್ತದೆ. ಏನೂ ಆಗುತ್ತಿಲ್ಲವೆಂದು ಅವರು ಇನ್ನಷ್ಟು ತಿನ್ನುತ್ತಾರೆ. ಅದಕ್ಕಿಂತ ಕೆಟ್ಟದ್ದು, ‘ಟ್ರಿಪ್’ ಚೆನ್ನಾಗಿ ಆಗಲಿ ಅಂತ ತಮ್ಮ ಮಾತ್ರೆಯನ್ನೇ ಥಟ್ಟನೆ ನಿಲ್ಲಿಸುತ್ತಾರೆ.

ಈಗ ಆ ತಾಯಿ ಹೇಳಿದ ಮಾತಿಗೆ ಬರುತ್ತೇನೆ. ತಂದೆ, ತಾಯಿ, ಒಡಹುಟ್ಟಿದವರು, ಸೋದರಮಾವ, ಯಾರಿಗಾದರೂ ಸ್ಕಿಝೋಫ್ರೇನಿಯಾ ಅಥವಾ ಬೈಪೋಲಾರ್ ಇದ್ದರೆ ಆ ಮನೆಯ ಮಕ್ಕಳಿಗೆ ಈ ಭ್ರಾಮಕಗಳ ಅಪಾಯವೇ ಬೇರೆ. ಆರು ಗಂಟೆಯಲ್ಲಿ ಇಳಿಯಬೇಕಾದ ಭ್ರಮೆ ಇಳಿಯದೆ ಉಳಿದುಬಿಡಬಹುದು. ಒಳಗೆ ಮಲಗಿದ್ದ ಕಾಯಿಲೆ ಎದ್ದು ಕೂರಬಹುದು. ಆ ಕಾಯಿಲೆಗಳು ಮೊದಲ ಸಲ ತಲೆಯೆತ್ತುವುದೂ ಸುಮಾರು ಇದೇ ವಯಸ್ಸಿನಲ್ಲಿ, ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸು. ಸಿಲೊಸೈಬಿನ್ ಸಂಶೋಧನೆ ಮಾಡುವವರು ಇಂಥ ಮನೆತನದವರನ್ನು ಸಾಮಾನ್ಯವಾಗಿ ಪ್ರಯೋಗಕ್ಕೆ ಸೇರಿಸಿಕೊಳ್ಳುವುದೇ ಇಲ್ಲ. ನಮ್ಮಲ್ಲೋ ಸಂಬಂಧ ತಪ್ಪೀತು ಅಂತ ಮಾವನ ಕಾಯಿಲೆಯನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಮುಚ್ಚಿಡುತ್ತೇವೆ. ಆ ಹುಡುಗನಿಗೆ ತನ್ನ ಮಾವ ‘ಹುಷಾರಿಲ್ಲದೆ ಹೋದರು’ ಅಂತ ಮಾತ್ರ ಗೊತ್ತಿತ್ತು. ಅವನು ಎರಡು ದಿನ ಐಸಿಯುನಲ್ಲಿದ್ದು ಚೇತರಿಸಿಕೊಂಡ. ತಾಯಿ ಹೇಳಿದ್ದು ಫೈಲಿನಲ್ಲಿದ್ದುದರಿಂದ ಮನೋವೈದ್ಯರು ಅವನನ್ನು ಸುಮ್ಮನೆ ಮನೆಗೆ ಕಳಿಸದೆ ತಿಂಗಳುಗಟ್ಟಲೆ ಗಮನದಲ್ಲಿ ಇಟ್ಟುಕೊಂಡರು.

ಆಸ್ಟಿನ್‌ಗೆ ಈ ವಿಷಯದಲ್ಲಿ ತನ್ನದೇ ಒಂದು ಹಳೆಯ ಗಾಯ ಇದೆ. ‘ಥರ್ಟೀನ್ತ್ ಫ್ಲೋರ್ ಎಲಿವೇಟರ್ಸ್’ ಅಂತ ಒಂದು ತಂಡ 1965ರ ಕೊನೆಯಲ್ಲಿ ಇಲ್ಲೇ ಹುಟ್ಟಿತು. ಮರುವರ್ಷ ಬಂದ ತಮ್ಮ ಮೊದಲ ಆಲ್ಬಮ್ಮಿನ ಹೆಸರಿನಲ್ಲೇ ‘ಸೈಕೆಡೆಲಿಕ್’ ಎಂಬ ಪದ ಇಟ್ಟವರು ಅವರು. ಎಲ್‌ಎಸ್‌ಡಿ ಆ ತಂಡಕ್ಕೆ ಬಹುಮಟ್ಟಿಗೆ ವ್ರತವೇ ಆಗಿತ್ತು. ಹಾಡುಗಾರ ರಾಕಿ ಎರಿಕ್ಸನ್‌ಗೆ ಆಗ ಹತ್ತೊಂಬತ್ತು ವರ್ಷ. 1968ರಲ್ಲಿ ಅವರ ಮಾತು ಅಸಂಬದ್ಧವಾಗತೊಡಗಿತು, ಸ್ಕಿಝೋಫ್ರೇನಿಯಾ ಅಂದರು, ವಿದ್ಯುತ್ ಚಿಕಿತ್ಸೆ ಕೊಟ್ಟರು. 1969ರಲ್ಲಿ ನಗರದ ಮೌಂಟ್ ಬಾನೆಲ್ ಗುಡ್ಡದಲ್ಲಿ ಗಾಂಜಾದ ಒಂದೇ ಒಂದು ಬೀಡಿಯ ಜೊತೆ ಸಿಕ್ಕಿಬಿದ್ದರು. ಜೈಲು ತಪ್ಪಿಸಲು ಮತಿಭ್ರಮಣೆಯ ವಾದ ಹೂಡಿದ್ದರಿಂದ 1972ರವರೆಗೆ ಮಾನಸಿಕ ಆಸ್ಪತ್ರೆಗಳಲ್ಲಿ, ಹೆಚ್ಚಿನ ಕಾಲ ರಸ್ಕ್ ಎಂಬ ಊರಿನಲ್ಲಿ, ಕಳೆಯಬೇಕಾಯಿತು. ಎಲ್‌ಎಸ್‌ಡಿ ಅವರಿಗೆ ಕಾಯಿಲೆ ತಂದಿತೋ, ಬರಬೇಕಾದ ಕಾಯಿಲೆಯನ್ನು ಬೇಗ ತಂದಿತೋ, ಒಬ್ಬ ಮನುಷ್ಯನ ಕಥೆಯಿಂದ ಯಾರೂ ಹೇಳಲಾರರು. ಕಾನೂನು ಮತ್ತು ಆಗಿನ ಚಿಕಿತ್ಸೆ ಅವರನ್ನು ಎಲ್‌ಎಸ್‌ಡಿಗಿಂತ ಕಡಿಮೆ ಹಾಳುಮಾಡಲಿಲ್ಲ ಎಂಬುದು ಮಾತ್ರ ನನ್ನ ಅನಿಸಿಕೆ. 2019ರಲ್ಲಿ ಆಸ್ಟಿನ್‌ನಲ್ಲೇ ತೀರಿಕೊಂಡರು.

ಅಂಗಡಿಯಲ್ಲಿ ಸಿಗುತ್ತದೆ ಅಂದಮೇಲೆ ತೊಂದರೆಯಿಲ್ಲ ಎಂಬ ತರ್ಕವೂ ಈ ನೆಲದಲ್ಲಿ ಹಳೆಯದು. ಡಲ್ಲಾಸ್‌ನಲ್ಲಿ 1984ರಲ್ಲಿ ತೆರೆದ ಸ್ಟಾರ್ಕ್ ಕ್ಲಬ್ಬಿನಲ್ಲಿ ಎಕ್ಸ್‌ಟಸಿ ಮಾತ್ರೆ ಬಾರ್ ಕಟ್ಟೆಯ ಮೇಲೆಯೇ ಮಾರಾಟವಾಗುತ್ತಿತ್ತು. ಆಗ ಅದಕ್ಕೆ ನಿಷೇಧ ಇರಲಿಲ್ಲ. ಟೆಕ್ಸಾಸ್‌ನ ಸೆನೆಟರ್ ಲಾಯ್ಡ್ ಬೆಂಟ್ಸನ್ ಒತ್ತಾಯ ಮಾಡಿದರು, 1985ರ ಜುಲೈ 1ರಿಂದ ನಿಷೇಧ ಬಂತು.

ಗಿಡದಿಂದ ಬಂದದ್ದು, ‘ನ್ಯಾಚುರಲ್’, ಅದಕ್ಕೇ ಒಳ್ಳೆಯದು ಅನ್ನುವವರಿಗೆ ನಾನು ಮದ್ದುಗುಣಿಕೆಯ ನೆನಪು ಮಾಡುತ್ತೇನೆ. ನಮ್ಮೂರ ತಿಪ್ಪೆಗುಂಡಿಯ ಪಕ್ಕದಲ್ಲಿ ಬೆಳೆಯುವ, ಶಿವನಿಗೆ ಏರಿಸುವ ದತ್ತೂರಿ. ಬಿ.ಫಾರ್ಮ್ ಪ್ರಾಕ್ಟಿಕಲ್‌ನಲ್ಲಿ ಒಣಮೆಣಸಿನ ಬೀಜ, ದತ್ತೂರಿ ಬೀಜ ಪಕ್ಕಪಕ್ಕ ಇಟ್ಟು ‘ಯಾವುದು ಯಾವುದು ಹೇಳಿ’ ಅನ್ನುತ್ತಿದ್ದರು, ಅಷ್ಟು ಹೋಲುತ್ತವೆ. ಹಿಂದೆ ದಾರಿಗಳ್ಳರು ಪ್ರಯಾಣಿಕರ ಊಟಕ್ಕೆ ಬೆರೆಸುತ್ತಿದ್ದದ್ದು ಇದನ್ನೇ. ಅದರ ಸೋದರ ಜಾತಿಗಳು ಟೆಕ್ಸಾಸ್‌ನ ಬಯಲುಗಳಲ್ಲೂ ಬಿಳಿ ಹೂ ಬಿಡುತ್ತವೆ, ಇಲ್ಲಿನ ಹೈಸ್ಕೂಲ್ ಹುಡುಗರು ಬೀಜ ತಿಂದು ಆಸ್ಪತ್ರೆಗೆ ಬರುವುದುಂಟು. ಅಣಬೆ ತಿಂದವನಿಗೆ ತಾನು ಕಾಣುತ್ತಿರುವುದು ಭ್ರಮೆ ಅಂತ ಬಹುಮಟ್ಟಿಗೆ ಗೊತ್ತಿರುತ್ತದೆ. ದತ್ತೂರಿ ತಿಂದವನು ಇಲ್ಲದ ಮನುಷ್ಯನ ಜೊತೆ ಕೂತು ಮಾತಾಡುತ್ತಾನೆ. ಬಾಯಿ ಒಣಗಿ, ಮೂತ್ರ ಕಟ್ಟಿ, ಜ್ವರ ಏರಿ, ಪಾಪೆ ಹಿಗ್ಗಿ, ಒಂದೆರಡು ದಿನ ಹಾಗೇ. ಹೃದಯದ ಲಯ ತಪ್ಪಿ ಸಾಯಲೂಬಹುದು. ಅದೂ ನ್ಯಾಚುರಲ್ಲೇ.

ಇನ್ನು ಕಾನೂನು. ಇದು ಓದುಗರಲ್ಲಿ ಮಕ್ಕಳನ್ನು ಓದಲು ಇಲ್ಲಿಗೆ ಕಳಿಸಿದವರಿಗೆ. ಟೆಕ್ಸಾಸ್‌ನಲ್ಲಿ ಸಿಲೊಸೈಬಿನ್ ಒಂದು ಗ್ರಾಮಿಗಿಂತ ಕಡಿಮೆ ಇಟ್ಟುಕೊಂಡರೂ ಫೆಲನಿ, ಅಂದರೆ ಗಂಭೀರ ಅಪರಾಧ. ತೂಕ ಹಾಕುವಾಗ ಬೆರಕೆ ಸಾಮಾನನ್ನೂ ಸೇರಿಸಿಯೇ ಹಾಕುತ್ತಾರೆ. ಐವತ್ತು ಗ್ರಾಮಿನ ಚಾಕೊಲೇಟಿನಲ್ಲಿ ಚಿಟಿಕೆಯಷ್ಟು ಸಿಲೊಸೈಬಿನ್ ಇದ್ದರೆ ಲೆಕ್ಕ ಐವತ್ತು ಗ್ರಾಮಿನದು. ನಾಲ್ಕರಿಂದ ನಾನೂರು ಗ್ರಾಮಿನವರೆಗೆ ಶಿಕ್ಷೆ 2ರಿಂದ 20 ವರ್ಷ. ಸಕ್ಕರೆಗೂ ಕೋಕೋಗೂ ಜೈಲು! ಕೇರಳ ಹೈಕೋರ್ಟು 2025ರ ಜನವರಿಯಲ್ಲಿ ಒಂದು ಜಾಮೀನು ಅರ್ಜಿಯಲ್ಲಿ ಇದಕ್ಕೆ ತದ್ವಿರುದ್ಧ ಮಾತು ಹೇಳಿತು. ಅಣಬೆಯನ್ನು ಬೆರಕೆ ಮಾಲು ಅನ್ನಲಾಗದು, ಒಳಗಿನ ಸಿಲೊಸೈಬಿನ್ ಎಷ್ಟು ಅಂತ ನೋಡಬೇಕು ಅಂತ. ಹಾಗಂತ ಭಾರತದಲ್ಲಿ ಸಲೀಸು ಅಂದುಕೊಳ್ಳಬೇಡಿ, 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸಿಲೊಸೈಬಿನ್‌ಗೂ ಎಲ್‌ಎಸ್‌ಡಿಗೂ ನಿಷೇಧ ಇದ್ದೇ ಇದೆ.

ವೀಸಾದಲ್ಲಿರುವವರಿಗೆ ಜೈಲಿಗಿಂತ ದೊಡ್ಡ ಹೊಡೆತ ಬೇರೆ ಇದೆ. ಅಮೆರಿಕದ ವಲಸೆ ಕಾನೂನಿನಲ್ಲಿ ಸ್ವಂತ ಬಳಕೆಗೆ 30 ಗ್ರಾಂವರೆಗಿನ ಗಾಂಜಾ ಇಟ್ಟುಕೊಂಡ ಒಂದು ಸಲದ ತಪ್ಪಿಗೆ ಮಾತ್ರ ಸ್ವಲ್ಪ ರಿಯಾಯಿತಿ. ಉಳಿದ ಯಾವ ನಿಷೇಧಿತ ವಸ್ತುವಿನ ವಿಷಯದಲ್ಲಿ ಶಿಕ್ಷೆಯಾದರೂ ಗಡೀಪಾರಿಗೆ ಅಷ್ಟು ಸಾಕು. ಗ್ರೀನ್ ಕಾರ್ಡ್ ಇದ್ದವರಿಗೂ ಇದೇ ಮಾತು. ಕೊಲರಾಡೋದಲ್ಲಿ, ಆರೆಗನ್‌ನಲ್ಲಿ ಮತದಾರರು ಅಣಬೆಗೆ ಒಪ್ಪಿಗೆ ಕೊಟ್ಟಿದ್ದಾರಲ್ಲ ಅಂತ ಹುಡುಗರು ಕೇಳುತ್ತಾರೆ. ಕೊಟ್ಟಿದ್ದು ರಾಜ್ಯ. ವೀಸಾ ಕೊಡುವುದು ಫೆಡರಲ್ ಸರ್ಕಾರ, ಅದರ ಪಟ್ಟಿಯಲ್ಲಿ ಇದು ಇನ್ನೂ ಮೊದಲ ಶೆಡ್ಯೂಲಿನಲ್ಲೇ ಇದೆ.

‘ಆದರೆ ಇದು ಡಿಪ್ರೆಶನ್‌ಗೆ ಔಷಧಿ ಅಂತಾರಲ್ಲ ಆಂಟಿ’ ಎಂಬುದು ಇನ್ನೊಂದು ಪ್ರಶ್ನೆ. ಆಗಬಹುದು. 2022ರ ನವೆಂಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಪ್ರಯೋಗದಲ್ಲಿ ಬೇರೆ ಮಾತ್ರೆಗಳಿಗೆ ಬಗ್ಗದ ಖಿನ್ನತೆಯ 233 ಮಂದಿ ಇದ್ದರು. 25 ಮಿಲಿಗ್ರಾಂ ಸಿಲೊಸೈಬಿನ್ ಒಂದೇ ಸಲ ಪಡೆದವರಲ್ಲಿ ಮೂರು ವಾರಕ್ಕೆ ಖಿನ್ನತೆ ಗಣನೀಯವಾಗಿ ಇಳಿದಿತ್ತು. ನಮ್ಮ ಆಸ್ಟಿನ್‌ನ ಡೆಲ್ ಮೆಡಿಕಲ್ ಸ್ಕೂಲಿನಲ್ಲಿ 2021ರಿಂದ ಇದಕ್ಕೆಂದೇ ಸಂಶೋಧನಾ ಕೇಂದ್ರ ಇದೆ. ಅದೇ ವರ್ಷ ಟೆಕ್ಸಾಸ್ ಶಾಸನಸಭೆ ಯುದ್ಧದಿಂದ ಮರಳಿದ ಸೈನಿಕರಿಗಾಗಿ ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನ ಜೊತೆ ಸಿಲೊಸೈಬಿನ್ ಅಧ್ಯಯನಕ್ಕೆ ಒಪ್ಪಿತು. 2025ರಲ್ಲಿ ಐಬೊಗೇನ್ ಎಂಬ ಆಫ್ರಿಕಾ ಮೂಲದ ಭ್ರಾಮಕದ ಪ್ರಯೋಗಕ್ಕೆ 5 ಕೋಟಿ ಡಾಲರ್ ಎತ್ತಿಟ್ಟಿತು. ಐಬೊಗೇನ್ ಹೃದಯದ ಲಯವನ್ನೇ ಕೆಡಿಸಬಲ್ಲದು, ಇಸಿಜಿ ಯಂತ್ರವಿಲ್ಲದ ಕಡೆ ತೆಗೆದುಕೊಂಡು ಸತ್ತವರಿದ್ದಾರೆ. ಪ್ರಯೋಗ ಅಂದರೆ ಶುದ್ಧ ಔಷಧಿ, ಗೊತ್ತಿರುವ ಅಳತೆ, ಮೊದಲೇ ಮನೆತನದ ವಿಚಾರಣೆ, ಇಡೀ ದಿನ ಪಕ್ಕದಲ್ಲಿ ಕೂತ ತರಬೇತಾದ ಮನುಷ್ಯರು. ರಾಕ್ ರೋಸ್ ಬೀದಿಯಿಂದ ರಾತ್ರಿ ಹನ್ನೆರಡಕ್ಕೆ ಮನೆಗೆ ಬಂದು ತಿನ್ನುವ ಚಾಕೊಲೇಟಿಗೆ ಇದರಲ್ಲಿ ಯಾವುದೂ ಇಲ್ಲ. ಆಫೀಸಿನಲ್ಲಿ ಚುರುಕಾಗಲು ‘ಮೈಕ್ರೋಡೋಸಿಂಗ್’ ಮಾಡುವವರಿಗೂ ಒಂದು ಮಾತು. 191 ಮಂದಿ ತಾವು ನುಂಗುತ್ತಿರುವುದು ಅಸಲಿಯೋ ಖಾಲಿ ಗುಳಿಗೆಯೋ ಗೊತ್ತಿಲ್ಲದಂತೆ ಮಾಡಿಕೊಂಡ 2021ರ ಅಧ್ಯಯನದಲ್ಲಿ ಖಾಲಿ ಗುಳಿಗೆಯವರಿಗೂ ಹೆಚ್ಚುಕಡಿಮೆ ಅಷ್ಟೇ ಲಾಭ ಆಗಿತ್ತು.

ಕೊನೆಗೆ ತಂದೆತಾಯಿಗಳಲ್ಲಿ ಒಂದು ಬೇಡಿಕೆ. ಮಗನೋ ಮಗಳೋ ಊರು ಬಿಡುವ ಮೊದಲು ಮನೆತನದಲ್ಲಿ ಯಾರಿಗೆ ಏನು ಕಾಯಿಲೆ ಇತ್ತು ಅಂತ ಹೇಳಿ ಕಳಿಸಿ. ಇಂಥದ್ದೇನಾದರೂ ನಡೆದರೆ ಬೈಗುಳ ಆಮೇಲೆ ಇರಲಿ. ತಿಂದವರನ್ನು ಒಂಟಿಯಾಗಿ ಬಿಡಬೇಡಿ, ಗಲಾಟೆಯಿಲ್ಲದ ಕೋಣೆಯಲ್ಲಿ ಕೂರಿಸಿ, ಕಾರಿನ ಕೀಲಿ ತೆಗೆದಿಡಿ, ರ‍್ಯಾಪರನ್ನು ಕಸಕ್ಕೆ ಹಾಕಬೇಡಿ. ಡಾಕ್ಟರಿಗೆ ಸುಳ್ಳು ಹೇಳಬೇಡಿ, ಅವರಿಗೆ ಬೇಕಾದದ್ದು ವಸ್ತುವಿನ ಹೆಸರು, ನಿಮ್ಮ ಮರ್ಯಾದೆ ಅಲ್ಲ. ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ, ಎದೆನೋವು ಅಂದರೆ ಕೂಡಲೇ 911. ಅಷ್ಟಿಲ್ಲದಿದ್ದರೆ ಅಮೆರಿಕದ ಎಲ್ಲ ಕಡೆಯಿಂದಲೂ ವಿಷ ಸಹಾಯವಾಣಿ 1-800-222-1222 ಸಿಗುತ್ತದೆ. ಹಗಲು ರಾತ್ರಿ ಯಾವಾಗ ಮಾಡಿದರೂ ಆಚೆ ಕಡೆ ನರ್ಸೋ ನನ್ನಂಥ ಫಾರ್ಮಸಿಸ್ಟೋ ಎತ್ತಿಕೊಳ್ಳುತ್ತಾರೆ, ದುಡ್ಡಿಲ್ಲ, ಮಾತು ಗುಟ್ಟಾಗಿರುತ್ತದೆ. ಕರ್ನಾಟಕದಲ್ಲಿ ಜೀವಕ್ಕೆ ಅಪಾಯ ಅನ್ನಿಸಿದರೆ 108 ಅಥವಾ 112. ಭ್ರಮೆ, ಭಯ, ನಿದ್ದೆಗೆಡುವುದು ದಿನ ಕಳೆದರೂ ಇಳಿಯದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.